ಸಿ ಜೀವಸತ್ವದ ಪರೀಕ್ಷೆ: ನಿಮ್ಮ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಕೆಲವು ತಿಂಗಳಿಂದ ಸುಸ್ತು. ಪೂರ್ತಿ ತಪಾಸಣೆ ಮಾಡಿಸಿದಾಗ ಸಿ ಜೀವಸತ್ವ 0.3 ಎಂದು ಬಂದಿದೆ, ಪಕ್ಕದಲ್ಲಿ ಕೆಂಪು ಗುರುತು. ರಕ್ತ ಕೊಟ್ಟದ್ದು ಇಲ್ಲೇ, ಪರೀಕ್ಷೆ ಆಗಿದ್ದು ಬೆಂಗಳೂರಿನಲ್ಲಂತೆ. ದೊಡ್ಡ ಕಾಯಿಲೆಯೇ ಡಾಕ್ಟರೇ?
– ಓದುಗರು, ಹಾನಗಲ್

ಉತ್ತರ: ಕೆಂಪು ಗುರುತು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಮೊದಲು ಸಮಾಧಾನ ಮಾಡಿಕೊಳ್ಳಿ. 100 ಮಿ.ಲೀ. ಪ್ಲಾಸ್ಮಾದಲ್ಲಿ (ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ದ್ರವ) ಸಾಮಾನ್ಯವಾಗಿ 0.4ರಿಂದ 2 ಮಿ.ಗ್ರಾಂ. ಸಿ ಜೀವಸತ್ವ ಇರುತ್ತದೆ. 0.2ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆ. ನಿಮ್ಮದು ಇವೆರಡರ ನಡುವೆ ಇದೆ. ಕಡಿಮೆ ಹೌದು, ಗಾಬರಿಯಾಗುವಷ್ಟಲ್ಲ.

ಈ ಜೀವಸತ್ವ ರಕ್ತದ ಕೊಳವೆಯೊಳಗೂ ನಾಶವಾಗುತ್ತ ಹೋಗುತ್ತದೆ. ಬೆಳಕು, ಬಿಸಿ, ಗಾಳಿ ಮೂರೂ ಅದಕ್ಕೆ ಆಗದು. ಆದ್ದರಿಂದ ರಕ್ತ ತೆಗೆದ ಕೂಡಲೇ ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು, ಬೆಳಕು ಬೀಳದಂತೆ ಮುಚ್ಚಿ, ಬೇಗನೆ ಪ್ಲಾಸ್ಮಾ ಬೇರ್ಪಡಿಸಿ, ಹೆಪ್ಪುಗಟ್ಟಿಸಿಯೇ ದೂರದೂರಿಗೆ ಕಳಿಸಬೇಕು. ಕೆಲವೆಡೆ ಮೆಟಾಫಾಸ್ಫಾರಿಕ್ ಆಮ್ಲವನ್ನೂ (ಜೀವಸತ್ವ ಕೆಡದಂತೆ ತಡೆಯುವ ಹುಳಿ ರಾಸಾಯನಿಕ) ಬೆರೆಸುತ್ತಾರೆ. ಇದರಲ್ಲಿ ಒಂದು ತಪ್ಪಿದರೂ ಮೈಯಲ್ಲಿಲ್ಲದ ಕೊರತೆ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ನಿಮ್ಮ ರಕ್ತವನ್ನು ಹೇಗೆ ಕಳಿಸಿದರೆಂದು ಲ್ಯಾಬಿನಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ವಿಷಯ. ಪ್ಲಾಸ್ಮಾದ ಅಂಕಿ ಹೇಳುವುದು ಇತ್ತೀಚಿನ ದಿನಗಳ ಊಟವನ್ನು. ಜ್ವರ, ಸೋಂಕು ಇದ್ದಾಗಲೂ ಅದು ಇಳಿಯುತ್ತದೆ. ದೇಹದ ನಿಜವಾದ ಸಂಗ್ರಹ ತಿಳಿಯಲು ಬಿಳಿ ರಕ್ತಕಣಗಳಲ್ಲಿ ಅಳೆಯಬೇಕು; ಆದರೆ ಅದು ಕಷ್ಟದ ಕೆಲಸ, ಎಲ್ಲೆಡೆ ಮಾಡುವುದಿಲ್ಲ. ಸದ್ಯಕ್ಕೆ ದಿನಕ್ಕೊಂದು ಪೇರಲಹಣ್ಣು ತಿನ್ನಿ. ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಸರಿಯಾಗಿವೆಯೇ ಎಂದು ನಿಮ್ಮ ವೈದ್ಯರ ಹತ್ತಿರ ತೋರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಅವ್ವನಿಗೆ ಅರವತ್ತು ದಾಟಿದೆ. ಎಲೆ, ಅಡಿಕೆ, ತಂಬಾಕು ಹಾಕುತ್ತಾರೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ಸಿ ಜೀವಸತ್ವದ ಪರೀಕ್ಷೆ ಮಾಡಿಸಲೇ?
– ಓದುಗರು, ಸವಣೂರು

ಉತ್ತರ: ಅವ್ವನ ಬಾಯಲ್ಲಿ ರಕ್ತ ಕಂಡರೆ ಮಕ್ಕಳಿಗೆ ಭಯವಾಗುವುದು ಸಹಜ. ಆದರೆ ವಸಡಿನ ರಕ್ತಕ್ಕೆ ಬಹುಮಟ್ಟಿಗೆ ಕಾರಣ ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ. ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ.

ಸ್ಕರ್ವಿಯಲ್ಲಿ (ಸಿ ಜೀವಸತ್ವ ತೀರಾ ಕಡಿಮೆಯಾಗಿ ಬರುವ ಕಾಯಿಲೆ) ಬೇರೆ ಗುರುತುಗಳೂ ಇರುತ್ತವೆ. ಹಗಲು ಬೆಳಕಿನಲ್ಲಿ ಅವ್ವನ ಮೊಣಕಾಲ ಕೆಳಗೆ ನೋಡಿ. ಕೂದಲಿನ ಬುಡದ ಸುತ್ತ ಸಣ್ಣ ಕೆಂಪು ಚುಕ್ಕೆಗಳಿವೆಯೇ? ಕೂದಲು ಸುರುಳಿ ಸುತ್ತಿಕೊಂಡಿದೆಯೇ? ಗಾಯ ಬೇಗ ಮಾಯುತ್ತಿಲ್ಲವೇ? ಇಂಥವು ಕಂಡರೆ ಆಗ ಪರೀಕ್ಷೆಯ ಮಾತು.

ನಿಮ್ಮೂರಿನ ವೀಳ್ಯದೆಲೆ ಹೆಸರಾದದ್ದು. ಎಲೆಯ ಬಗ್ಗೆ ನನ್ನ ತಕರಾರಿಲ್ಲ. ಅಡಿಕೆ ಮತ್ತು ತಂಬಾಕು ಎರಡೂ ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗುತ್ತವೆ. ಬಾಯಲ್ಲಿ ಬಿಳಿ ಮಚ್ಚೆಯಿದ್ದರೆ, ಬಾಯಿ ಪೂರ್ತಿ ತೆರೆಯಲು ಬಾರದಿದ್ದರೆ, ತಡಮಾಡದೆ ಕರೆದುಕೊಂಡು ಹೋಗಿ. ಗದರಬೇಡಿ, ಪ್ರೀತಿಯಿಂದ ಬಿಡಿಸಿ.

ಪ್ರಶ್ನೆ: ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಕೊರೊನಾ ಕಾಲದಿಂದ ದಿನಾಲೂ 1000 ಮಿ.ಗ್ರಾಂ. ಸಿ ಮಾತ್ರೆ ತಗೊಳ್ಳುತ್ತಾರೆ. ಇದರಿಂದ ಬೇರೆ ಪರೀಕ್ಷೆಗಳು ತಪ್ಪಾಗುತ್ತವೆಯೇ?
– ಓದುಗರು, ಶಿಗ್ಗಾವಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ನಿಮ್ಮ ಅನುಮಾನ ಸರಿಯಾಗಿದೆ. ಹೆಚ್ಚಾದ ಸಿ ಜೀವಸತ್ವ ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಬಣ್ಣ ಬರುವ ಕ್ರಿಯೆಯನ್ನು ಅದು ತಡೆಯುವುದರಿಂದ, ಸಕ್ಕರೆಯೋ ರಕ್ತವೋ ಇದ್ದರೂ ಇಲ್ಲವೆಂದು ತೋರಿಸಬಹುದು. ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ಗ್ಲುಕೋಮೀಟರ್‌ಗಳು (ಮನೆಯಲ್ಲೇ ಸಕ್ಕರೆ ನೋಡುವ ಯಂತ್ರ) ಇದ್ದುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತವೆ.

ಆದ್ದರಿಂದ ಯಾವ ಪರೀಕ್ಷೆಗೆ ಹೋದರೂ ಮಾತ್ರೆಯ ವಿಷಯ ಮೊದಲೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿ.ಗ್ರಾಂ. ಸಾಕು. ಅತಿಯಾದರೆ ಅದರ ಒಂದು ಪಾಲು ಆಕ್ಸಲೇಟ್ (ಮೂತ್ರಪಿಂಡದಲ್ಲಿ ಹರಳು ಕಟ್ಟುವ ವಸ್ತು) ಆಗುತ್ತದೆ. ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಮಕ್ಕಳ ಮೂತ್ರದಲ್ಲಿ ಅಯೋಡಿನ್‌ನಿಂದ ಸಿ ಜೀವಸತ್ವ ಅಳೆದು ಕೊರತೆ ಕಂಡುಹಿಡಿಯಬಹುದೇ?
– ಓದುಗರು, ಹಿರೇಕೆರೂರು

ಉತ್ತರ: ಮಕ್ಕಳ ಮೇಲಿನ ನಿಮ್ಮ ಕಾಳಜಿ ದೊಡ್ಡದು ಮೇಡಂ. ಆದರೆ ಮೂತ್ರದಲ್ಲಿರುವ ಯೂರಿಕ್ ಆಮ್ಲದಂಥ ವಸ್ತುಗಳೂ ಅಯೋಡಿನ್ನಿನ ಬಣ್ಣ ಕಳೆಯುತ್ತವೆ. ಅದನ್ನು ನಂಬಿ ಯಾವ ಮಗುವಿಗೂ ಕೊರತೆಯ ಹಣೆಪಟ್ಟಿ ಹಚ್ಚಬಾರದು. ದೊಡ್ಡ ಪ್ರಯೋಗಾಲಯಗಳು ಜೀವಸತ್ವವನ್ನು ಉಳಿದ ವಸ್ತುಗಳಿಂದ ಬೇರ್ಪಡಿಸಿ ಅಳೆಯುವ ಯಂತ್ರ ಬಳಸುವುದು ಇದೇ ಕಾರಣಕ್ಕೆ.

ಅದೇ ಪ್ರಯೋಗವನ್ನು ಹಣ್ಣಿನ ಮೇಲೆ ಮಾಡಿಸಿ. ಅನ್ನದ ತಿಳಿಗಂಜಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ. ನಿಂಬೆರಸವನ್ನು ಹನಿಹನಿಯಾಗಿ ಬಿಡಿ, ಬಣ್ಣ ಮಾಯವಾಗುತ್ತದೆ. ಕುದಿಸಿದ ರಸವಾದರೆ ಎಷ್ಟು ಹನಿ ಬೇಕಾಯಿತೆಂದು ಮಕ್ಕಳೇ ಎಣಿಸಲಿ. ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯಾರ್ಜಿ ಈ ಜೀವಸತ್ವವನ್ನು ರಾಶಿಗಟ್ಟಲೆ ತೆಗೆದದ್ದು ಮೆಣಸಿನಕಾಯಿಯಿಂದ, 1937ರಲ್ಲಿ ಅವರಿಗೆ ನೊಬೆಲ್ ಬಂತು ಎಂದೂ ಹೇಳಿ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುವ ದಿನ ಊಟದ ಸಾರಿಗೆ ನಿಂಬೆ ಹಿಂಡಿಸಿ. ಒಲೆಯ ಮೇಲಿರುವಾಗ ಬೇಡ, ತಟ್ಟೆಗೆ ಬಡಿಸಿದ ಮೇಲೆ. ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಯಾವ ಮಗುವಿನ ವಸಡು ಊದಿದೆಯೋ, ಕಾಲು ನೋವೆಂದು ನಡೆಯಲು ಅಳುತ್ತದೆಯೋ, ಆ ಮಗುವನ್ನು ಮಾತ್ರ ತಾಲ್ಲೂಕು ಆಸ್ಪತ್ರೆಗೆ ಕಳಿಸಿಕೊಡಿ.