ಮೆನುವಿಗೆ ಮುಂಚೆ ಒಂದು ಎಕ್ಸೆಲ್ ಹಾಳೆ

ಪದವಿ ಕಾಲೇಜೊಂದರ ವೆಬ್‌ಸೈಟಿನ ಮೆನು ನೋಡಿದರೆ ಸಾಕು, ಆ ಕಾಲೇಜಿನಲ್ಲಿ ಯಾರ ಮಾತು ನಡೆಯುತ್ತದೆ ಎಂದು ಹೇಳಬಹುದು. ಮೊದಲು ಆಡಳಿತ ಮಂಡಳಿ, ಆಮೇಲೆ ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಗಳ ಸಂದೇಶ, ಪ್ರಾಂಶುಪಾಲರ ಸಂದೇಶ, ಅದರ ಕೆಳಗೆ ಸಾಲುಸಾಲು ಸಮಿತಿಗಳು. ಈ ವರ್ಷದ ಬಿ.ಕಾಂ. ಫೀಸು ಎಷ್ಟೆಂಬುದು ಮಾತ್ರ ‘ಡೌನ್‌ಲೋಡ್ಸ್’ ಒಳಗೆಲ್ಲೋ, ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಡಗಿರುತ್ತದೆ. ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೆ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಡುವುದು ಬಹುಕಾಲದಿಂದ ನನ್ನ ಕಸುಬು. ಇದರಲ್ಲಿ ಕೋಡಿಂಗ್ ಕಷ್ಟವೆಂದು ನನಗೆ ಅನ್ನಿಸಿದ್ದೇ ಕಡಿಮೆ. ಯಾವ ಮಾಹಿತಿ ಎಲ್ಲಿ ಕೂರಬೇಕು ಎಂದು ನಾಲ್ಕು ಜನರನ್ನು ಒಪ್ಪಿಸುವುದೇ ನಿಜವಾದ ಕೆಲಸ.

ಹಾಗಾಗಿ ಹೊಸ ಕಾಲೇಜಿಗೆ ಹೋದಾಗ ನಾನು ಮೊದಲು ಕೂರುವುದು ಕಚೇರಿಯ ಕೌಂಟರಿನ ಪಕ್ಕ. ಪ್ರವೇಶಾತಿಯ ಸಮಯವಾದರೆ ಇನ್ನೂ ಒಳ್ಳೆಯದು. ಫೀಸು ಎಷ್ಟು, ಹಾಸ್ಟೆಲ್ ಇದೆಯೇ, ರಾಜ್ಯದ ಪ್ರವೇಶಾತಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕಿದ ಮೇಲೆ ಕಾಲೇಜಿಗೆ ಏನೇನು ತರಬೇಕು, ಸ್ಕಾಲರ್‌ಶಿಪ್‌ಗೆ ಕೊನೆಯ ದಿನ ಯಾವಾಗ, ಟಿಸಿ ಇವತ್ತೇ ಸಿಗುತ್ತದೆಯೇ? ಸುತ್ತಿ ಬಳಸಿ ಇವೇ ಪ್ರಶ್ನೆಗಳು. ಫೋನ್ ಎತ್ತುವ ಗುಮಾಸ್ತೆಯೊಬ್ಬರು ಒಮ್ಮೆ, “ಇವಿಷ್ಟು ವೆಬ್‌ಸೈಟಲ್ಲಿ ನೆಟ್ಟಗೆ ಹಾಕ್ಕೊಡಿ ಸರ್, ನಾನು ಮಧ್ಯಾಹ್ನ ಊಟನಾದ್ರೂ ಮಾಡ್ತೀನಿ” ಎಂದರು. ಯಾವ ಸಮಿತಿಯ ಸಭೆಯಲ್ಲೂ ನನಗೆ ಇಷ್ಟು ಸ್ಪಷ್ಟವಾದ ಸೂಚನೆ ಸಿಕ್ಕಿದ್ದಿಲ್ಲ.

ಆ ಪ್ರಶ್ನೆಗಳನ್ನೂ ಹಳೆಯ ಸೈಟಿನಲ್ಲಿರುವ ಪುಟಗಳ ಹೆಸರುಗಳನ್ನೂ ಒಂದೊಂದು ಚೀಟಿಯಲ್ಲಿ ಬರೆದು, ವಿದ್ಯಾರ್ಥಿಗಳ ಕೈಗೆ ಕೊಟ್ಟು ಗುಂಪು ಮಾಡಿಸುತ್ತೇನೆ. ಕಾರ್ಡ್ ಸಾರ್ಟಿಂಗ್ ಎಂಬ ಈ ವಿಧಾನಕ್ಕೆ ದುಡ್ಡು ಬೇಕಿಲ್ಲ, ಒಂದು ಟೇಬಲ್ ಸಾಕು. ಕಾಲೇಜಿನ ಲೆಕ್ಕದಲ್ಲಿ ಸ್ಕಾಲರ್‌ಶಿಪ್ ಇರುವುದು ವಿದ್ಯಾರ್ಥಿ ಕ್ಷೇಮಪಾಲನಾ ಸಮಿತಿಯ ಅಡಿಯಲ್ಲಿ. ಹುಡುಗರು ಆ ಚೀಟಿಯನ್ನು ಎರಡನೇ ಮಾತಿಲ್ಲದೆ ಫೀಸಿನ ಪಕ್ಕ ಇಡುತ್ತಾರೆ. ದುಡ್ಡು ಕೊಡುವುದೂ ದುಡ್ಡು ಬರುವುದೂ ಅವರಿಗೆ ಒಂದೇ ವಿಷಯ. ಸಮಿತಿಯ ಹೆಸರು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಇಷ್ಟಾದರೂ ಮೆನುವಿನ ಮರವೊಂದೇ ಎಲ್ಲವನ್ನೂ ಹೊರಲಾರದು. ಪಠ್ಯಕ್ರಮದ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕರ್ನಾಟಕದ ಪದವಿ ತರಗತಿಗಳಿಗೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಪಠ್ಯಕ್ರಮ. ಅಂದರೆ ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೆ ಒಂದು ಸಿಲಬಸ್, ಅವರ ಸೀನಿಯರ್‌ಗಳಿಗೆ ಇನ್ನೊಂದು. ಇದನ್ನು ಪುಟದೊಳಗೆ ಪುಟವಾಗಿ ಜೋಡಿಸಲು ಹೊರಟರೆ ಮೊದಲು ನೀತಿ ಇಡಬೇಕೋ, ಕೋರ್ಸ್ ಇಡಬೇಕೋ, ವಿಭಾಗ ಇಡಬೇಕೋ ಎಂಬ ಜಗಳ ಮುಗಿಯುವುದಿಲ್ಲ. ಯಾವುದನ್ನು ಮೊದಲಿಟ್ಟರೂ ಉಳಿದ ದಾರಿಯಲ್ಲಿ ಬಂದವನು ಕಳೆದುಹೋಗುತ್ತಾನೆ.

ಈ ಜಗಳವನ್ನು ಗ್ರಂಥಾಲಯದವರು ಎಂದೋ ಬಗೆಹರಿಸಿದ್ದಾರೆ. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್, ಪುಸ್ತಕವನ್ನು ಒಂದೇ ಕೊಂಬೆಗೆ ನೇತುಹಾಕದೆ, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ಗುರುತಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಡಿಆರ್‌ಟಿಸಿ ಸಂಸ್ಥೆಯನ್ನು ಕಟ್ಟಿದವರೂ ಅವರೇ. ವರ್ಡ್‌ಪ್ರೆಸ್‌ನಲ್ಲಿ ಹೀಗೆ ಮುಖಗಳಾಗಿ ಬಿಡಿಸಲು ಬೇಕಾದ ಸಲಕರಣೆ ಮೊದಲೇ ಇದೆ. ‘ಸಿಲಬಸ್’ ಎಂಬ ಒಂದು ಕಸ್ಟಮ್ ಪೋಸ್ಟ್ ಟೈಪ್ (ಪ್ರತ್ಯೇಕ ಬಗೆಯ ಪುಟ) ಮಾಡಿ, ಅದಕ್ಕೆ ಕೋರ್ಸ್, ವಿಷಯ, ಸೆಮಿಸ್ಟರ್, ಸೇರಿದ ವರ್ಷ ಎಂಬ ನಾಲ್ಕು ಟ್ಯಾಕ್ಸಾನಮಿ (ವಿಂಗಡಣೆಯ ಪಟ್ಟಿ) ಕೊಟ್ಟರಾಯಿತು. ತಾನು ಓದುತ್ತಿರುವುದು ಎನ್‌ಇಪಿಯೋ ಎಸ್‌ಇಪಿಯೋ ಎಂದು ವಿದ್ಯಾರ್ಥಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾಲೇಜಿಗೆ ಸೇರಿದ ವರ್ಷ ಅವನಿಗೆ ಗೊತ್ತಿರುತ್ತದೆ, ಅದನ್ನು ಆರಿಸಿದರೆ ಅವನ ಸಿಲಬಸ್ ಸಿಗುತ್ತದೆ. ಈ ಮಾತನ್ನು ಹೇಳಿದ ಕಡೆಯಲ್ಲೆಲ್ಲ ತಕ್ಷಣ ತಲೆಯಾಡಿಸಿದವರು ಗ್ರಂಥಪಾಲಕರು. ಅವರನ್ನು ವೆಬ್‌ಸೈಟ್ ಸಮಿತಿಗೆ ಸೇರಿಸಿಕೊಂಡ ಕಾಲೇಜುಗಳು ಮಾತ್ರ ಯಾಕೋ ಕಡಿಮೆ.

ಇನ್ನು ಪುಟಗಳ ವಿಳಾಸಗಳ (ಯುಆರ್‌ಎಲ್) ವಿಷಯ. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್‌ಗೆ ಸಲ್ಲಿಸುವ ವರದಿಗಳಲ್ಲಿ ದಾಖಲೆಗಳಿಗೆ ಕಾಲೇಜಿನ ಸೈಟಿನ ಲಿಂಕ್ ಕೊಟ್ಟಿರುತ್ತಾರೆ. ಹೊಸ ವಿನ್ಯಾಸದ ಉತ್ಸಾಹದಲ್ಲಿ ಪುಟಗಳನ್ನು ಆಚೀಚೆ ಸರಿಸಿದರೆ ಆ ಲಿಂಕುಗಳೆಲ್ಲ ಸಾಯುತ್ತವೆ. ಪೋಸ್ಟಿನ ಸ್ಲಗ್ (ವಿಳಾಸದ ಕೊನೆಯ ತುಂಡು) ಬದಲಾಯಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ, ಆದರೆ ಒಂದರೊಳಗೊಂದು ಇರುವ ಪೇಜುಗಳಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಎದುರುಬದುರು ಬರೆದಿಟ್ಟುಕೊಂಡು ಹಳೆಯದರಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸುವ 301 ರೀಡೈರೆಕ್ಟ್ ಹಾಕದೆ ನಾನು ಸೈಟ್ ಬದಲಿಸುವುದಿಲ್ಲ. ಫೀಸಿನ ಪುಟದ ವಿಳಾಸದಲ್ಲಿ ಇಸವಿಯನ್ನೂ ಹಾಕುವುದಿಲ್ಲ. ಒಳಗಿನ ಪಟ್ಟಿ ವರ್ಷವರ್ಷ ಬದಲಾಗಲಿ, ವಿಳಾಸ ಅದೇ ಇರಲಿ.

ಕನ್ನಡ ಸೈಟುಗಳಿಗೆ ಇನ್ನೊಂದು ತಾಪತ್ರಯವಿದೆ. ವಿಳಾಸದಲ್ಲಿ ಒಂದೊಂದು ಕನ್ನಡ ಅಕ್ಷರವೂ, ಒತ್ತು ಗುಣಿತಗಳ ಚಿಹ್ನೆಯೂ ಶೇಕಡಾ ಗುರುತುಗಳ ಸಮೇತ 9 ಅಕ್ಷರಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್‌ನ ಸ್ಲಗ್‌ಗೆ ಇರುವ ಜಾಗ 200. ‘ವಿದ್ಯಾರ್ಥಿವೇತನ ಅರ್ಜಿ ಸಲ್ಲಿಸುವ ವಿಧಾನ’ ಎಂಬ ಶೀರ್ಷಿಕೆಯ ವಿಳಾಸ ಮೂರನೆಯ ಪದದ ನಡುವೆಯೇ ತುಂಡಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ಕಳಿಸಿದರೆ ಓದಲಾಗದ ಉದ್ದನೆಯ ಸಾಲು. ಶೀರ್ಷಿಕೆ ಕನ್ನಡದಲ್ಲಿ, ಸ್ಲಗ್ ರೋಮನ್ ಲಿಪಿಯಲ್ಲಿ ಎಂಬುದು ನನ್ನ ತೀರ್ಮಾನ. ಭಾಷಾಭಿಮಾನಿ ಗೆಳೆಯರು ಇದಕ್ಕೆ ನನ್ನನ್ನು ಬೈದಿದ್ದಾರೆ, ಬೈಯಲಿ.

ಗೂಗಲ್ ಓದುವ ಎಕ್ಸ್‌ಎಂಎಲ್ ಸೈಟ್‌ಮ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್ ಅದನ್ನು ತಾನೇ ತಯಾರಿಸುತ್ತದೆ. ಅದರಲ್ಲಿ ‘ಅಡ್ಮಿನ್’ ಎಂಬ ಲೇಖಕರ ಪುಟ, ಒಂದೇ ಒಂದು ಪೋಸ್ಟ್ ಇರುವ ಟ್ಯಾಗ್‌ಗಳು ಸೇರಿಕೊಂಡಿವೆಯೇ ಎಂದು ತೆರೆದು ನೋಡಿ ಕಳಚಿಹಾಕಿದರೆ ಸಾಕು. ಪುಟಕ್ಕೆ ಇಷ್ಟು ಆದ್ಯತೆ ಎಂದು ಅಂಕಿ ಕೊಡುವುದರಲ್ಲಿ ಸಮಯ ಕಳೆಯಬೇಡಿ. ಗೂಗಲ್ ಆ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ಬಂದು ನಿಲ್ಲುವುದು ಒಂದು ಎಕ್ಸೆಲ್ ಹಾಳೆಯಲ್ಲಿ. ಪುಟದ ಹೆಸರು, ಯಾವ ಬಗೆಯ ಮಾಹಿತಿ, ವಿಳಾಸ, ಯಾವ ತಿಂಗಳಲ್ಲಿ ಬದಲಾಗಬೇಕು, ಯಾರು ಬದಲಾಯಿಸಬೇಕು. ಜನ ಖಾಲಿ ಬಿಡುವುದು ಈ ಕೊನೆಯ ಕಾಲಮ್ಮನ್ನೇ. ಸಾಮಾನ್ಯವಾಗಿ ಅಲ್ಲಿ ಕಂಪ್ಯೂಟರ್ ಸೈನ್ಸ್‌ನ ಅತಿಥಿ ಉಪನ್ಯಾಸಕರೊಬ್ಬರ ಹೆಸರು ಬರೆದು ಕೈತೊಳೆದುಕೊಳ್ಳುತ್ತಾರೆ. ಮುಂದಿನ ವರ್ಷ ಅವರು ಬೇರೆ ಕಾಲೇಜಿನಲ್ಲಿರುತ್ತಾರೆ, ಪಾಸ್‌ವರ್ಡ್ ಅವರ ಜೊತೆಗೇ ಹೋಗಿರುತ್ತದೆ. ಫೀಸಿನ ಪುಟ ಕಚೇರಿ ಅಧೀಕ್ಷಕರದು, ಸಿಲಬಸ್ ಆಯಾ ವಿಭಾಗದ ಮುಖ್ಯಸ್ಥರದು, ಸುತ್ತೋಲೆ ಪ್ರಾಂಶುಪಾಲರ ಕಚೇರಿಯದು ಎಂದು ಹುದ್ದೆಯ ಹೆಸರಿನಲ್ಲೇ ಬರೆದು, ವರ್ಡ್‌ಪ್ರೆಸ್‌ನಲ್ಲಿ ಹುದ್ದೆಗೊಂದು ಲಾಗಿನ್ ಮಾಡಿಕೊಡಿ.

ನಿಮ್ಮ ಸಂಸ್ಥೆಯೂ ಹೊಸ ವೆಬ್‌ಸೈಟಿಗೆ ಕೊಟೇಶನ್ ಕರೆಯುವ ಯೋಚನೆಯಲ್ಲಿದ್ದರೆ ಈ ಹಾಳೆಯನ್ನು ಮೊದಲು ನೀವೇ ತುಂಬಿಸಿ. ಕೊನೆಯ ಕಾಲಮ್ ಖಾಲಿ ಉಳಿದ ಸಾಲುಗಳನ್ನು ಅಳಿಸಿಹಾಕಿ, ಆಮೇಲೆ ನಮ್ಮಂಥವರಿಗೆ ಫೋನ್ ಮಾಡಿ.