ಟಿಕೆಟ್ ಮೇಲಿನ ತೆರಿಗೆ: ತೀರ್ಮಾನ ಯಾರದು?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು)



ನಮ್ಮ ಸಂಘದಲ್ಲಿ ವಾರದ ಉಳಿತಾಯವನ್ನು 20 ರೂಪಾಯಿಯಿಂದ 30 ರೂಪಾಯಿಗೆ ಏರಿಸಬೇಕು ಅಂದ್ರೆ ಏನು ಮಾಡ್ತೀವಿ? ಪ್ರತಿನಿಧಿ ಒಬ್ಬರೇ ಹೇಳಿದರೆ ಸಾಕೇ? ಸಾಲದು. ಎಲ್ಲರೂ ಕೂತು ಮಾತಾಡ್ತೀವಿ. "ನನ್ನ ಕೈಲಿ ಆಗಲ್ಲಕ್ಕ" ಅನ್ನುವವರ ಮಾತನ್ನೂ ಕೇಳ್ತೀವಿ. ಆಮೇಲೆ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕ್ತೀವಿ.

ಊರಿನ ತೆರಿಗೆಯೂ ಹೀಗೇ ತೀರ್ಮಾನ ಆಗಬಹುದೇ? ಸಿನಿಮಾ, ಸರ್ಕಸ್, ನಾಟಕ, ಜಾತ್ರೆಯ ತೊಟ್ಟಿಲು ಇವುಗಳ ಟಿಕೆಟ್ ಮೇಲಿನ ತೆರಿಗೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಕಲಿಯೋಣ.

1. ಈ ತೆರಿಗೆ ಯಾರ ಕೈಯಲ್ಲಿದೆ?

ಮೊದಲು ನಮ್ಮ ರಾಜ್ಯದಲ್ಲಿ 1958ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಮನರಂಜನಾ ತೆರಿಗೆ ವಸೂಲು ಮಾಡುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದು ಜಿಎಸ್‌ಟಿಯಲ್ಲಿ ಸೇರಿತು. 2025ರ ಸೆಪ್ಟೆಂಬರ್ 22ರಿಂದ 100 ರೂ. ವರೆಗಿನ ಸಿನಿಮಾ ಟಿಕೆಟ್‌ಗೆ ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18 ಜಿಎಸ್‌ಟಿ ಇದೆ.

ಆದರೆ ಸಂವಿಧಾನ ಒಂದು ಬಾಗಿಲು ತೆರೆದಿಟ್ಟಿದೆ. ಪಂಚಾಯತಿಗಳು ಮತ್ತು ನಗರ ಸಂಸ್ಥೆಗಳು ಮನರಂಜನೆ ಮೇಲೆ ತೆರಿಗೆ ಹಾಕಬಹುದು. ಅದಕ್ಕೆ ರಾಜ್ಯದ ಶಾಸನಸಭೆ ಕಾನೂನಿನ ಮೂಲಕ ಅಧಿಕಾರ ಕೊಟ್ಟಿರಬೇಕು. ನಮ್ಮ ಪಂಚಾಯತ್ ರಾಜ್ ಕಾಯ್ದೆ (1993) ಸಿನಿಮಾ ಬಿಟ್ಟು ಉಳಿದ ಮನರಂಜನೆಗೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ಕೊಟ್ಟಿದೆ. ಪಕ್ಕದ ತಮಿಳುನಾಡಿನಲ್ಲಿ 2017ರಲ್ಲಿ ಸ್ಥಳೀಯ ಸಂಸ್ಥೆಗಳಿಗಾಗಿ ಜಿಎಸ್‌ಟಿಯ ಜೊತೆಗೆ ಶೇ. 30ರಷ್ಟು ತೆರಿಗೆ ಹಾಕಲು ಹೊರಟಾಗ ಚಿತ್ರಮಂದಿರಗಳು ಕೆಲವು ದಿನ ಬಾಗಿಲು ಮುಚ್ಚಿದವು. ಆಮೇಲೆ ದರ ಇಳಿಸಬೇಕಾಯಿತು.

2. ಕೊಡುವವರು ಯಾರು?

ತೆರಿಗೆ ಕಟ್ಟುವುದು ಟಾಕೀಸಿನವರು ಅಂತ ಕಾಣುತ್ತದೆ. ಆದರೆ ಅವರು ಅದನ್ನು ಟಿಕೆಟಿಗೆ ಸೇರಿಸಿದರೆ ದುಡ್ಡು ಹೋಗುವುದು ನಮ್ಮ ಕೈಯಿಂದಲೇ. ಲೆಕ್ಕ ಹಾಕಿ ನೋಡೋಣ. ಟಿಕೆಟ್ 80 ರೂ., ನಗರದ ತೆರಿಗೆ ಶೇ. 5 ಎಂದುಕೊಳ್ಳಿ. ತಲೆಗೆ 4 ರೂ., ನಾಲ್ಕು ಜನರಿಗೆ 16 ರೂ. ದಿನಕ್ಕೆ 300 ಟಿಕೆಟ್ ಮಾರಿದರೆ ಒಂದು ಟಾಕೀಸಿನಿಂದ ತಿಂಗಳಿಗೆ 36,000 ರೂ. ಬರುತ್ತದೆ. ಅದರಲ್ಲಿ ಬಸ್ ನಿಲ್ದಾಣದ ಹತ್ತಿರ ಹೆಂಗಸರ ಶೌಚಾಲಯ ಸ್ವಚ್ಛವಾಗಿ ಇಡಬಹುದು. ಯಾರಿಗೂ ಗೊತ್ತಾಗದಂತೆ ಖರ್ಚಾಗಿಯೂ ಹೋಗಬಹುದು!

ಇನ್ನೊಂದು ಮಾತು. ಶೇಕಡಾ ಲೆಕ್ಕ ಬಿಟ್ಟು "ತಲೆಗೆ 5 ರೂಪಾಯಿ" ಅಂತ ಹಾಕಿದರೆ, 80 ರೂ. ಟಿಕೆಟಿನವರಿಗೆ ರೂಪಾಯಿಗೆ 6 ಪೈಸೆಗಿಂತ ಹೆಚ್ಚು ಬೀಳುತ್ತದೆ. 300 ರೂ. ಟಿಕೆಟಿನವರಿಗೆ 2 ಪೈಸೆಗಿಂತ ಕಡಿಮೆ. ಬಡವರಿಗೇ ಭಾರ ಜಾಸ್ತಿ. ಆದ್ದರಿಂದ "ತೆರಿಗೆ ಎಷ್ಟು?" ಎನ್ನುವುದರ ಜೊತೆಗೆ "ಯಾವ ರೀತಿ?" ಎಂದೂ ಕೇಳಬೇಕು.

3. ಮತದಾರರೇ ತೀರ್ಮಾನಿಸಿದರೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನಗರಸಭೆ ಹೊಸ ತೆರಿಗೆ ಹಾಕಬೇಕಾದರೆ ಊರಿನ ಮತದಾರರು ಮತ ಹಾಕಿ ಒಪ್ಪಬೇಕು. 1996ರಲ್ಲಿ ಜನರೇ ಇದನ್ನು ಅಲ್ಲಿನ ಸಂವಿಧಾನಕ್ಕೆ ಸೇರಿಸಿದರು. ಒಂದೇ ಉದ್ದೇಶಕ್ಕೆ ಮೀಸಲಾದ ತೆರಿಗೆಯನ್ನು ನಗರಸಭೆ ಮುಂದಿಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು.

ನಮ್ಮಲ್ಲಿ ತೆರಿಗೆಗೆ ಹೀಗೆ ಮತದಾನ ಇಲ್ಲ. ಆರಿಸಿ ಕಳಿಸಿದವರು ಕಾನೂನಿನಂತೆ ತೀರ್ಮಾನ ಮಾಡುತ್ತಾರೆ. ಆದರೆ ಜನರೇ ನೇರವಾಗಿ ಮತ ಹಾಕುವುದು ನಮ್ಮ ದೇಶಕ್ಕೆ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ನಾಲ್ಕನೇ ಒಂದು ಭಾಗ ಸಹಿ ಮಾಡಿ ಕೇಳಿದರೆ ಮದ್ಯದಂಗಡಿ ಬೇಕೋ ಬೇಡವೋ ಎಂದು ಮತದಾನ ನಡೆಯುತ್ತದೆ. ಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎರಡು ಚಿತ್ರ. ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಓದು ಬಾರದ ಅಕ್ಕಂದಿರೂ ಇದರಲ್ಲಿ ಮತ ಹಾಕಿದ್ದಾರೆ.

ಹಾಗಂತ ಮತದಾನ ಒಂದಿದ್ದರೆ ನ್ಯಾಯ ಸಿಕ್ಕೇ ಬಿಡುತ್ತದೆ ಎನ್ನುವಂತಿಲ್ಲ. ಹರಿಹರ, ದಾವಣಗೆರೆಗೆ ಸಿನಿಮಾ ನೋಡಲು ಸುತ್ತಲಿನ ಹಳ್ಳಿಯವರು ಬರುತ್ತಾರೆ. ನಗರದ ತೆರಿಗೆಗೆ ನಗರದವರು ಮಾತ್ರ ಮತ ಹಾಕಿದರೆ, ಹಳ್ಳಿಯವರು ದುಡ್ಡು ಕೊಡುತ್ತಾರೆ, ಮಾತು ಇರುವುದಿಲ್ಲ. ಟಾಕೀಸಿನಲ್ಲಿ ಕಸ ಗುಡಿಸುವವರು, ನಾಟಕ ಕಂಪನಿಯ ಕಲಾವಿದರು, ಜಾತ್ರೆಯಲ್ಲಿ ತೊಟ್ಟಿಲು ಹಾಕಿ ಊರೂರು ತಿರುಗುವವರು, ಇವರ ಹೊಟ್ಟೆಪಾಡನ್ನೂ ನೋಡಬೇಕು. ಸಂಘದಲ್ಲಿ "ಆಗಲ್ಲ" ಅಂದವರ ಮಾತು ಕೇಳುವ ಹಾಗೆ ಇಲ್ಲಿಯೂ ಕಡಿಮೆ ಜನರ ಮಾತು ಕೇಳಲೇಬೇಕು.

4. ಇವತ್ತೇ ನಮ್ಮ ಕೈಯಲ್ಲಿರುವುದು

ಮತಪೆಟ್ಟಿಗೆ ಬರಲಿ ಅಂತ ಕಾಯುವುದು ಬೇಡ.

• ಗ್ರಾಮ ಪಂಚಾಯತಿಯಲ್ಲಿರುವವರು ವಾರ್ಡ್ ಸಭೆ, ಗ್ರಾಮಸಭೆಗೆ ಹೋಗಿ. ಜಾತ್ರೆಯ ಆಟಗಳಿಂದ ಎಷ್ಟು ತೆರಿಗೆ ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳಿ.
• ನಗರದಲ್ಲಿರುವವರು ಹೊಸ ತೆರಿಗೆಯ ಪ್ರಕಟಣೆ ಬಂದರೆ ಓದಿ. ಕೊಟ್ಟ ಗಡುವಿನೊಳಗೆ ಆಕ್ಷೇಪಣೆ ಅಥವಾ ಸಲಹೆಯನ್ನು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.
• ಲೆಕ್ಕ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂ. ಶುಲ್ಕದ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ.
• ಮತ ಕೇಳಲು ಬಂದವರಿಗೆ ಮೂರು ಪ್ರಶ್ನೆ ಹಾಕಿ: ಯಾರು ಕೊಡಬೇಕು? ಯಾತಕ್ಕೆ? ಲೆಕ್ಕ ಯಾರು ಹೇಳ್ತಾರೆ?

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ನಮ್ಮ ಮನೆಯವರು ಸಿನಿಮಾ, ಜಾತ್ರೆ ಆಟಗಳಿಗೆ ಎಷ್ಟು ಖರ್ಚು ಮಾಡಿದೆವು?
2. ಟಿಕೆಟಿಗೆ 4 ರೂ. ಹೆಚ್ಚು ಕೊಡಲು ನಾವು ಒಪ್ಪುತ್ತೇವೆಯೇ? ಯಾವ ಕೆಲಸಕ್ಕಾದರೆ?
3. ಈ ತೀರ್ಮಾನದಲ್ಲಿ ಹಳ್ಳಿಯವರ ಮಾತಿಗೆ ಹೇಗೆ ಜಾಗ ಕೊಡಬೇಕು?

ಚರ್ಚೆಯ ನಂತರ ಸಂಘದಲ್ಲಿ ಚೀಟಿ ಹಾಕಿ ಮತದಾನ ಮಾಡಿ ನೋಡಿ. ಬೇಡ ಅಂದವರ ಕಾರಣಗಳನ್ನೂ ನಡವಳಿ ಪುಸ್ತಕದಲ್ಲಿ ತಪ್ಪದೆ ಬರೆಯಿರಿ.