ಹೊಸ ಮನೆಗೆ ಒಯ್ಯುವ ಪರಿಮಳ

ಕಳೆದ ತಿಂಗಳು ನಮ್ಮ ಜಮಾಅತ್‌ನ ಮಹಿಳೆಯರ ವಾರದ ಪಾಠ ಮುಗಿದು ಎಲ್ಲರೂ ಏಳುವ ಹೊತ್ತಿನಲ್ಲಿ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ತಂಗಿಯ ಮನೆ ಒಕ್ಕಲು ಹತ್ತಿರ ಬಂದಿತ್ತು. ಮಗಳು ಪೇಟೆಯ ಅಂಗಡಿಯಿಂದ, ಗಾಜಿನ ಲೋಟದಲ್ಲಿ ಎರೆದ ಪರಿಮಳದ ಮೇಣದಬತ್ತಿಯೊಂದನ್ನು ಉಡುಗೊರೆಗೆಂದು ತಂದಿಟ್ಟಿದ್ದಳು. ಹೊಸ ಮನೆಗೆ ದೀಪ ಒಯ್ಯುವುದು ನಮ್ಮ ಪದ್ಧತಿಯಲ್ಲವೆಂದು ಮನೆಯ ಹಿರಿಯರೊಬ್ಬರು ತಡೆದಿದ್ದರು. "ಉಸ್ತಾದರೇ, ಇದನ್ನು ಕೊಡಬಹುದೇ, ಬಾರದೇ?"

ಕೊಡಬಹುದು ಎಂದೆ. ಮನೆಗೆ ಮರಳುವಾಗ, ಉತ್ತರದ ಅರ್ಧವನ್ನಷ್ಟೇ ಹೇಳಿ ಬಂದೆನೆಂದು ಅನಿಸಿತು. ಕೊಡಬಹುದೇ ಎಂಬುದು ಸುಲಭದ ಪ್ರಶ್ನೆ. ಯಾವ ಮನೆಗೆ, ಎಂಥದನ್ನು ಎಂಬುದೇ ಕಷ್ಟದ್ದು.

ಸುಲಭದ್ದನ್ನು ಮೊದಲು ಮುಗಿಸೋಣ. ನಿಷೇಧಕ್ಕೆ ಆಧಾರವಿಲ್ಲದ ನಿತ್ಯೋಪಯೋಗಿ ವಸ್ತುಗಳು ಮೂಲತಃ ಅನುಮತಿಸಲ್ಪಟ್ಟವು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವ ನಿಯಮ. ಆರಾಧನೆಯ ಭಾವದಿಂದ ಜ್ಯೋತಿ ಬೆಳಗುವುದು ಒಂದು. ಬೆಳಕಿಗಾಗಿ, ಸುಗಂಧಕ್ಕಾಗಿ ಬತ್ತಿ ಹಚ್ಚುವುದು ಇನ್ನೊಂದು. ಮಸೀದಿಗಳಲ್ಲಿ ಮೊದಲು ದೀಪ ಹಚ್ಚಿದವರು ಸಹಾಬಿ ತಮೀಮ್ ದಾರೀ(ರ) ಎಂಬ ವರದಿ ಇಬ್ನು ಮಾಜಃದಲ್ಲಿದೆ. ವಿದ್ಯುತ್ ಬರುವ ಮೊದಲು ನಮ್ಮ ಅಜ್ಜಂದಿರೂ ಚಿಮಿಣಿಯ ಬೆಳಕಿನಲ್ಲೇ ಕುರ್‌ಆನ್ ಓದಿದವರು. ಆ ಹಿರಿಯರ ಕಾಳಜಿ ಗೌರವಕ್ಕೆ ಅರ್ಹವಾದದ್ದೇ. ಆದರೆ ಅದು ಈ ಮೇಣದಬತ್ತಿಗೆ ತಾಗುವುದಿಲ್ಲ.

ಹೊಸ ಮನೆಯ ಸಂತೋಷವೂ ನಮಗೆ ಅನ್ಯವಲ್ಲ. ಮನೆ ಕಟ್ಟಿ ಮುಗಿಸಿದವನು ಉಣಿಸುವ ಔತಣಕ್ಕೆ ಅರಬಿಯಲ್ಲಿ 'ವಕೀರಃ' ಎಂಬ ಪ್ರತ್ಯೇಕ ಹೆಸರೇ ಇದೆ. ಫಿಕ್ಹ್ ಗ್ರಂಥಗಳು ವಲೀಮದ ಅಧ್ಯಾಯದಲ್ಲಿ ಇದನ್ನು ಎಣಿಸುತ್ತವೆ. ಇನ್ನು ಸುಗಂಧದ ಉಡುಗೊರೆಯನ್ನು ಪ್ರವಾದಿವರ್ಯರು(ಸ) ಹಿಂದಿರುಗಿಸುತ್ತಿರಲಿಲ್ಲ. ಹ. ಅನಸ್(ರ) ತಾವೂ ಹಾಗೆಯೇ ನಡೆದುಕೊಳ್ಳುತ್ತಿದ್ದರೆಂದು ಬುಖಾರಿಯಲ್ಲಿದೆ. ಯಾರಾದರೂ ಸುಗಂಧ ಕೊಟ್ಟರೆ ನಿರಾಕರಿಸಬೇಡಿರೆಂದು ಕಲಿಸಿದ ಹದೀಸ್ ಮುಸ್ಲಿಮ್ ಮತ್ತು ಅಬೂದಾವೂದ್‌ಗಳಲ್ಲಿದೆ. ಅಲ್ಲಿ ಕಾರಣವನ್ನೂ ಕೊಡಲಾಗಿದೆ: ಅದು ಹೊರಲು ಹಗುರ, ಪರಿಮಳದಲ್ಲಿ ಹಿತ.

'ಹೊರಲು ಹಗುರ' ಎಂಬ ಮಾತಿನ ಮೇಲೆ ತುಸು ನಿಲ್ಲಬೇಕು. ಹಗುರವೆಂದರೆ ತಕ್ಕಡಿಯ ತೂಕ ಮಾತ್ರವೇ? ಪಡೆದವನ ಮೇಲೆ ಋಣದ ಭಾರ ಬೀಳದಿರುವುದೂ ಅದರಲ್ಲಿ ಸೇರಿದೆಯೆಂದು ನನಗೆ ತೋರುತ್ತದೆ. ಕನ್ನಡದಲ್ಲಿ 'ಮುಯ್ಯಿ' ಎಂಬ ಹಳೆಯ ಪದವಿದೆ. ಶುಭಕಾರ್ಯದಲ್ಲಿ ಕೊಟ್ಟದ್ದಕ್ಕೂ ಅದೇ ಹೆಸರು, ಅದನ್ನು ತಿರುಗಿ ಕೊಡುವುದಕ್ಕೂ ಅದೇ ಹೆಸರು. ಸೇಡು ತೀರಿಸಿಕೊಳ್ಳುವುದಕ್ಕೂ ಕನ್ನಡಿಗರು ಇದೇ ಪದವನ್ನು ಬಳಸುತ್ತಾರೆ! ಮದುವೆ, ಮನೆ ಒಕ್ಕಲುಗಳಲ್ಲಿ ಬಾಗಿಲ ಬಳಿ ಪುಸ್ತಕ ಹಿಡಿದು ಕೂತು ಯಾರು ಎಷ್ಟು ಕೊಟ್ಟರೆಂದು ಬರೆದಿಡುವ ಮನೆಗಳನ್ನು ಎಲ್ಲ ಸಮುದಾಯಗಳಲ್ಲೂ ಕಂಡಿದ್ದೇನೆ. ಆ ಪುಸ್ತಕಕ್ಕೆ ಹೆದರಿ ಬಡ ಸಂಬಂಧಿಕನೊಬ್ಬ ಜ್ವರದ ನೆಪ ಹೇಳಿ ಬಾರದೆ ಉಳಿಯುತ್ತಾನೆ. ಕುರಿಯ ಗೊರಸಾದರೂ ಸರಿ, ನೆರೆಯವಳು ಕೊಟ್ಟದ್ದನ್ನು ಕೀಳಾಗಿ ಕಾಣಬಾರದೆಂದು ಪ್ರವಾದಿವರ್ಯರು(ಸ) ಮಹಿಳೆಯರಿಗೆ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಈ ದೃಷ್ಟಿಯಿಂದ ಸಣ್ಣದೊಂದು ಮೇಣದಬತ್ತಿ ಒಳ್ಳೆಯ ಉಡುಗೊರೆ. ಉರಿದು ಮುಗಿದುಹೋಗುತ್ತದೆ, ಷೋಕೇಸಿನಲ್ಲಿ ಕೂತು ಯಾರನ್ನೂ ಚುಚ್ಚುವುದಿಲ್ಲ.

ಹೀಗೆ ಎಣಿಸಿಯೇ ಕೆಲವು ವರ್ಷಗಳ ಹಿಂದೆ ನಾನೂ ಒಂದನ್ನು ಒಯ್ದಿದ್ದೆ. ಜೊತೆಯ ಶಿಕ್ಷಕರೊಬ್ಬರು ಆರು ವರ್ಷ ಕಷ್ಟಪಟ್ಟು ಮನೆ ಕಟ್ಟಿದ್ದರು. ಅಂಗಡಿಯಲ್ಲಿ ಏಳೆಂಟು ಮುಚ್ಚಳ ತೆರೆದು ಮೂಸಿ, ನನಗೆ ಮೆಚ್ಚುಗೆಯಾದ ಮಲ್ಲಿಗೆಯ ದೊಡ್ಡ ಲೋಟವನ್ನೇ ಆರಿಸಿದೆ. ಮಳೆಗಾಲದ ಆರಂಭ; ಎರಚಲು ಬರುತ್ತದೆಂದು ಚಾವಡಿಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನನ್ನ ಮೇಲಿನ ಗೌರವಕ್ಕೆ ಅವರು ಆಗಲೇ ಅದನ್ನು ಹಚ್ಚಿದರು. ಚಾವಡಿಯೆಲ್ಲ ಘಮಘಮ. ಮೂಲೆಯ ಕುರ್ಚಿಯಲ್ಲಿದ್ದ ಅವರ ತಾಯಿ ಮೆಲ್ಲನೆ ಎದ್ದು ಒಳಗೆ ಹೋದದ್ದನ್ನು ನಾನು ಗಮನಿಸಲೇ ಇಲ್ಲ. ಊಟವಾಗಿ ಕೈತೊಳೆಯಲು ಹಿತ್ತಲ ಜಗಲಿಗೆ ಹೋದಾಗ ಕಂಡೆ: ಇನ್‌ಹೇಲರನ್ನು ಬಾಯಿಗಿಟ್ಟುಕೊಂಡು, ಮಳೆಯ ಎರಚಲಿನಲ್ಲೇ ಕೂತಿದ್ದರು. ನನ್ನನ್ನು ಕಂಡು ಅದನ್ನು ಸೆರಗಿನಲ್ಲಿ ಮರೆಮಾಡಿ, "ಪರಿಮಳ ಚೆನ್ನಾಗಿದೆ ಮಗಾ" ಎಂದರು.

ಏಳು ವರ್ಷ ಒಂದೇ ಮೇಜಿನಲ್ಲಿ ಕೂತು ಬುತ್ತಿ ಹಂಚಿಕೊಂಡ ಗೆಳೆಯನ ತಾಯಿಗೆ ಅಸ್ತಮಾ ಇದೆಯೆಂಬುದು ನನಗೆ ತಿಳಿದಿರಲಿಲ್ಲ. ಅಂಗಡಿಯಲ್ಲಿ ನಾನು ಕೇಳಿಕೊಂಡದ್ದು ನನ್ನ ಮೂಗನ್ನು ಮಾತ್ರ. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಗೆ ಬಾರದಿರಲಿ ಎಂಬ ಹದೀಸನ್ನು ಮಕ್ಕಳಿಗೆ ಎಷ್ಟು ಬಾರಿ ಕಲಿಸಿದ್ದೇನೆ! ಪಕ್ಕದವರ ಉಸಿರಿಗೆ ತೊಂದರೆಯಾಗಬಾರದೆಂಬುದು ದುರ್ಗಂಧಕ್ಕೆ ಮಾತ್ರ ಅನ್ವಯಿಸುತ್ತದೆಂದು ನಾನೇಕೆ ಭಾವಿಸಿದ್ದೆ?

ಆದ್ದರಿಂದ ಕೊಳ್ಳುವ ಮೊದಲೇ ಒಂದು ಫೋನ್ ಮಾಡಿ ವಿಚಾರಿಸಬೇಕು. ಆ ಮನೆಯಲ್ಲಿ ಉಬ್ಬಸದವರು ಇದ್ದಾರೆಯೇ? ಹಸುಗೂಸು ಇದೆಯೇ? ಗರ್ಭಿಣಿಯರಿದ್ದಾರೆಯೇ? ಆ ದಿನಗಳಲ್ಲಿ ಮೆಚ್ಚಿನ ಪರಿಮಳವೇ ವಾಕರಿಕೆ ತರಬಲ್ಲದು. ತಲೆನೋವಿನವರಿದ್ದಾರೆಯೇ? ಇಂಥವರಿದ್ದರೆ ಮೇಣದಬತ್ತಿಯೂ ಬೇಡ, ಊದುಬತ್ತಿ, ಲೋಬಾನಗಳೂ ಬೇಡ. ಬೇಕೆನಿಸಿದವರು ಮಾತ್ರ ಹಚ್ಚಿಕೊಳ್ಳುವ ಅತ್ತರಿನ ಪುಟ್ಟ ಶೀಶೆ ಅಂಥ ಮನೆಗೆ ವಾಸಿ.

ಯಾರಿಗೂ ತೊಂದರೆಯಿಲ್ಲವೆಂದಾದರೆ ವಸ್ತುವಿನ ವಿಚಾರ. ಇದರಲ್ಲಿ ಪ್ರಾಣಿಯ ಕೊಬ್ಬಿದೆಯೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಹೊಸದೇನಲ್ಲ. ಮಕ್ಕಾ ವಿಜಯದ ವರ್ಷ, ಸತ್ತ ಪ್ರಾಣಿಯ ಮಾರಾಟ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಸಾರಿದಾಗ, ಅದರ ಕೊಬ್ಬಿನಿಂದ ಹಡಗಿಗೆ ಲೇಪ ಮಾಡುತ್ತಾರೆ, ದೀಪ ಉರಿಸುತ್ತಾರೆ, ಅದರ ಗತಿಯೇನು ಎಂದು ಜನ ಕೇಳಿದ್ದರು. ಕೂಡದು ಎಂಬ ಉತ್ತರ ಬಂತೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಈ 'ಕೂಡದು' ಮಾರಾಟಕ್ಕೆ ಸಂಬಂಧಿಸಿದ್ದು, ದೀಪಕ್ಕೆ ಬಳಸುವುದಕ್ಕಲ್ಲ ಎಂದು ಶಾಫಿಈ ವಿದ್ವಾಂಸರು ಅರ್ಥೈಸಿದರು. ಬಳಕೆಯೂ ಸಲ್ಲದೆಂದು ಇನ್ನನೇಕರು ಹೇಳಿದರು. ಅಂದಿನ ಈ ಚರ್ಚೆ ಇಂದಿನ ಬಹುಪಾಲು ಮೇಣದಬತ್ತಿಗಳಿಗೆ ತಟ್ಟುವುದಿಲ್ಲ. 1850ರ ದಶಕದಿಂದೀಚೆಗೆ ಪ್ಯಾರಾಫಿನ್ ಮೇಣ ಕೊಬ್ಬಿನ ಜಾಗವನ್ನು ಆಕ್ರಮಿಸಿತು. ಇಂದು ಅದು ಪೆಟ್ರೋಲಿಯಮ್‌ನಿಂದ ಬರುತ್ತದೆ. ಸೋಯಾ ಎಣ್ಣೆಯ ಮೇಣ 1990ರ ದಶಕದಲ್ಲಿ ಬಳಕೆಗೆ ಬಂತು. ಜೇನುಮೇಣವಂತೂ ಪುರಾತನವಾದದ್ದು. ಗಟ್ಟಿಗೊಳಿಸಲು ಬೆರೆಸುವ ಸ್ಟಿಯರಿಕ್ ಆಮ್ಲ ಮಾತ್ರ ತಾಳೆಯೆಣ್ಣೆಯಿಂದಲೂ ಬರಬಹುದು, ಕೊಬ್ಬಿನಿಂದಲೂ ಬರಬಹುದು. ಸಂದೇಹ ಕಾಡುವವರು ಸಸ್ಯಜನ್ಯವೆಂದು ಮುದ್ರಿಸಿದ್ದನ್ನೇ ಕೊಳ್ಳಲಿ.

ಶ್ರೀಗಂಧವೆಂದು ಬರೆದ ಅಗ್ಗದ ಬತ್ತಿಯಲ್ಲಿ ಗಂಧದೆಣ್ಣೆಯನ್ನು ನಿರೀಕ್ಷಿಸಬೇಡಿ. 1916ರಲ್ಲಿ ಮೈಸೂರಿನಲ್ಲಿ ಸರಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ನಾಡಿನವರು ನಾವು. ಅಸಲಿಯ ಬೆಲೆ ನಮಗೆ ಗೊತ್ತು. ಕೃತಕ ಪರಿಮಳವಾದರೂ ಅಡ್ಡಿಯಿಲ್ಲ, ಹೆಸರು ಸುಳ್ಳಾಗಿರಬಾರದಷ್ಟೆ. ಬತ್ತಿಯೊಳಗೆ ಲೋಹದ ತಂತಿಯಿದೆಯೇ ಎಂದೂ ನೋಡಬೇಕು. ಸೀಸದ ತಂತಿಯಿರುವ ಬತ್ತಿಗಳನ್ನು ಅಮೆರಿಕವು 2003ರಲ್ಲಿ ನಿಷೇಧಿಸಿತು, ಉರಿಯುವಾಗ ಸೀಸ ಗಾಳಿಗೆ ಸೇರುತ್ತದೆಂಬ ಕಾರಣಕ್ಕೆ. ನೂಲಿನ ಬತ್ತಿ ಒಳ್ಳೆಯದು. ಕರಗಿದ ಮೇಣದ ಮೈಯಿಂದ ಪರಿಮಳ ಏಳುವುದರಿಂದ, ಅಗಲ ಬಾಯಿಯ ಲೋಟ ದೊಡ್ಡ ಚಾವಡಿಗೆ, ಕಿರಿದು ಚಿಕ್ಕ ಕೋಣೆಗೆ.

ಕೊಡುವಾಗ ಬಳಸುವ ಕ್ರಮವನ್ನೂ ಚೀಟಿಯಲ್ಲಿ ಬರೆದು ಕೊಡಿರಿ, ನಮ್ಮವರಲ್ಲಿ ಅನೇಕರಿಗೆ ಇದು ಹೊಸತು. ಮೊದಲ ಸಲ ಹಚ್ಚಿದಾಗ ಮೇಲ್ಮೈಯ ಮೇಣವೆಲ್ಲ ಅಂಚಿನವರೆಗೆ ಕರಗಲು ಬಿಡಬೇಕು, ಇಲ್ಲವಾದರೆ ನಡುವೆ ಗುಳಿ ಬೀಳುತ್ತದೆ. ಪ್ರತಿ ಸಲ ಬತ್ತಿಯ ತುದಿಯನ್ನು ಕಾಲಂಗುಲಕ್ಕೆ ಕತ್ತರಿಸಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬಾರದು. ಫ್ಯಾನಿನ ಕೆಳಗೆ ಇಡಬಾರದು. ಜ್ವಾಲೆ ಹೊಯ್ದಾಡಿ, ಹೊಸ ಸುಣ್ಣದ ಗೋಡೆಗೆ ಮಸಿ ಹಿಡಿಯುತ್ತದೆ. ಪರದೆಯಿಂದ ದೂರ, ಮಕ್ಕಳ ಕೈಗೆಟುಕದಲ್ಲಿ, ತಟ್ಟೆಯ ಮೇಲೆ ಇಡಬೇಕು. ಲೋಟದ ತಳದಲ್ಲಿ ಅರ್ಧ ಅಂಗುಲ ಮೇಣ ಉಳಿದಾಗ ನಿಲ್ಲಿಸಬೇಕು, ಗಾಜು ಕಾದು ಒಡೆಯಬಹುದು.

ಕರೆಂಟು ಹೋದ ರಾತ್ರಿ ಇದನ್ನೇ ಹಚ್ಚಿಟ್ಟು ನಿದ್ದೆ ಹೋಗುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯದ್ದು. ಒಂದು ರಾತ್ರಿ ಮದೀನಾದಲ್ಲಿ ಮನೆಯೊಂದು ಒಳಗಿದ್ದವರ ಸಮೇತ ಹೊತ್ತಿಕೊಂಡ ಸುದ್ದಿ ತಲುಪಿದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿರಿ ಎಂಬ ಆದೇಶ ಬಂತು. ಇನ್ನೊಮ್ಮೆ ಇಲಿಯೊಂದು ಉರಿಯುವ ಬತ್ತಿಯನ್ನು ಎಳೆತಂದು, ಪ್ರವಾದಿವರ್ಯರು(ಸ) ಕುಳಿತಿದ್ದ ಚಾಪೆಯ ಮೇಲೇ ಹಾಕಿತು. ಒಂದು ದಿರ್‌ಹಮ್‌ನಷ್ಟು ಜಾಗ ಸುಟ್ಟುಹೋಯಿತೆಂದು ಅಬೂದಾವೂದ್‌ನಲ್ಲಿದೆ. ಹೊಸ ಮನೆಯಲ್ಲಿ ಇಲಿಯಿರದು ಎನ್ನಬೇಡಿರಿ. ಬೆಕ್ಕು ಇದೆ, ಗಾಳಿ ಇದೆ, ನಿದ್ದೆಗಣ್ಣಿನಲ್ಲಿ ಎದ್ದು ನಡೆಯುವ ಮಗುವಿದೆ.

ಮುಂದಿನ ವಾರದ ಪಾಠದಲ್ಲಿ ಇಷ್ಟನ್ನೂ, ನನ್ನ ಮಲ್ಲಿಗೆಯ ಲೋಟದ ಕಥೆಯನ್ನೂ ಸೇರಿಸಿ ಹೇಳಿದೆ. ಪ್ರಶ್ನೆ ಕೇಳಿದ ತಾಯಿ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದರು. ಆ ಮನೆಯಲ್ಲಿ ಸೊಸೆಯ ಎರಡು ತಿಂಗಳ ಕೂಸಿತ್ತು. ಕೊನೆಗೆ ಅವರು ಒಯ್ದದ್ದು ಒಂದು ಮಲ್ಲಿಗೆ ಗಿಡ, ಮಣ್ಣಿನ ಕುಂಡದಲ್ಲಿ. ಅದನ್ನು ಅಂಗಳದ ಮೂಲೆಯಲ್ಲಿ ನೆಟ್ಟಿದ್ದಾರಂತೆ. ಮೇಣದಬತ್ತಿಯನ್ನು ಮಗಳು ತನ್ನ ಬಟ್ಟೆಯ ಕಪಾಟಿನಲ್ಲಿಟ್ಟಿದ್ದಾಳೆ. ಹಚ್ಚದೆಯೇ ಮಡಿಸಿಟ್ಟ ದುಪಟ್ಟಾಗಳಿಗೆಲ್ಲ ಪರಿಮಳ ಹತ್ತಿದೆಯಂತೆ.